ಬಾಬ್‌ಸ್ಲೆಡ್‌ನಲ್ಲಿ ಯಾವಾಗಲೂ ಜರ್ಮನಿಯೇ ಗೆಲ್ಲುವುದು ಯಾಕೆ?

ಪ್ರಶ್ನೆ: ಸರ್, ನಾನು ಹಾಸನದ ಕಡೆಯವನು. ಕೆಲಸದ ಮೇಲೆ ಡ್ರೆಸ್ಡೆನ್‌ಗೆ ಬಂದಿದ್ದೇನೆ. ಆಫೀಸಿನ ಗೆಳೆಯರು ಆಲ್ಟೆನ್‌ಬರ್ಗ್‌ಗೆ ಬಾಬ್‌ಸ್ಲೆಡ್ ರೇಸ್ (ಸ್ಲೆಡ್ ತಳ್ಳಿಕೊಂಡು ಓಡಿ, ಒಳಗೆ ಹಾರಿ ಕೂತು, ಐಸ್ ಕಾಲುವೆಯಲ್ಲಿ ಜಾರುವ ಆಟ) ನೋಡಲು ಕರೆದುಕೊಂಡು ಹೋಗಿದ್ದರು. ಮುಂದೆ ಇದ್ದವರೆಲ್ಲ ಜರ್ಮನಿಯವರೇ, ಅಲ್ಲಿ ಯಾರಿಗೂ ಅದು ಆಶ್ಚರ್ಯ ಅನಿಸಲಿಲ್ಲ. ಈ ಆಟದ ಬಗ್ಗೆ ನನಗೆ ಗೊತ್ತಿದ್ದದ್ದು 1988ರ ಒಲಿಂಪಿಕ್ಸ್‌ನಲ್ಲಿ ಉರುಳಿಬಿದ್ದ ಜಮೈಕಾ ತಂಡದ ಕಥೆ ಮಾತ್ರ. ಇವರು ಇಷ್ಟೊಂದು ಗೆಲ್ಲುವುದಕ್ಕೆ ಕಾರಣ ಏನು? ದುಡ್ಡಾ, ಎಂಜಿನಿಯರಿಂಗಾ, ಹಿಮ ಜಾಸ್ತಿ ಅಂತಲಾ? ಇನ್ನೊಂದು ಕೇಳಲೇಬೇಕು. ಕಾಲೇಜಿನಲ್ಲಿ ನೂರು ಮೀಟರ್ ಓಡುತ್ತಿದ್ದೆ, ಈಗ 27 ವರ್ಷ. ಇಲ್ಲಿನ ಕ್ಲಬ್‌ಗೆ ಹೋಗಿ ನಾನೂ ತಳ್ಳುತ್ತೇನೆ ಅಂದರೆ ನಗುತ್ತಾರಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲೇ ಹೇಳಿಬಿಡುತ್ತೇನೆ, ನಗುವುದಿಲ್ಲ. ವಿವರ ಆಮೇಲೆ.

ಹಿಮದ ಮಾತನ್ನು ಬೇಗ ಮುಗಿಸಿಬಿಡೋಣ. ಬಾಬ್‌ಸ್ಲೆಡ್‌ಗೆ ಹಿಮ ಬೇಕಾಗಿಯೇ ಇಲ್ಲ, ಬಿದ್ದರೆ ತೊಂದರೆ. ಟ್ರ್ಯಾಕ್ ಮೇಲೆ ಹಿಮ ಬಿದ್ದರೆ ಕೆಲಸಗಾರರು ಪೊರಕೆ ಹಿಡಿದು ಗುಡಿಸುತ್ತಲೇ ಇರುತ್ತಾರೆ, ನೀವೂ ನೋಡಿರಬೇಕು. ನಾರ್ವೆ, ಸ್ವೀಡನ್, ಫಿನ್ಲೆಂಡ್‌ಗಳಿಗೆ ಹಿಮದ ಬರ ಇದೆಯಾ? ಆದರೂ ಮೂವರಿಗೂ ಬಾಬ್‌ಸ್ಲೆಡ್‌ನಲ್ಲಿ ಒಂದು ಒಲಿಂಪಿಕ್ ಪದಕ ಇಲ್ಲ. ಈ ಆಟಕ್ಕೆ ಬೇಕಾಗಿರುವುದು ಗಟ್ಟಿ ಐಸ್. ಅದೂ ಒಂದೇ ದಪ್ಪಕ್ಕೆ, ಒಂದೇ ನುಣುಪಿಗೆ, ಇಳಿಜಾರಿನಲ್ಲಿ ಒಂದೂಕಾಲು ಒಂದೂವರೆ ಕಿಲೋಮೀಟರ್ ಉದ್ದಕ್ಕೆ. ಅದಕ್ಕೆ ಕಾಂಕ್ರೀಟ್ ಕಾಲುವೆ ಕಟ್ಟಬೇಕು, ಅದರೊಳಗೆ ಪೈಪ್ ಹಾಯಿಸಿ ಅಮೋನಿಯಾ ಓಡಿಸಬೇಕು, ಮೇಲೆ ನೀರು ಸಿಂಪಡಿಸಿ ಪದರ ಪದರವಾಗಿ ಹೆಪ್ಪುಗಟ್ಟಿಸಬೇಕು, ಆಮೇಲೆ ಜನ ಕೈಯಲ್ಲಿ ಹೆರೆದು ನುಣುಪು ಮಾಡಬೇಕು. ಹೀಗೆ ಯಂತ್ರದಿಂದ ತಂಪು ಮಾಡುವ ಟ್ರ್ಯಾಕ್ ಜಗತ್ತಿನಲ್ಲೇ ಮೊದಲು ಶುರುವಾದದ್ದು ಬವೇರಿಯಾದ ಕ್ಯೋನಿಗ್‌ಸೇಯಲ್ಲಿ, 1968-69ರ ಸುಮಾರಿಗೆ. ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಅಲ್ಲೇ ಇದೆ.

ಅಂಥ ಟ್ರ್ಯಾಕ್ ಜರ್ಮನಿಯಲ್ಲಿ ನಾಲ್ಕು: ಕ್ಯೋನಿಗ್‌ಸೇ, ವಿಂಟರ್‌ಬರ್ಗ್, ಓಬರ್‌ಹೋಫ್, ಮತ್ತೆ ನೀವು ನೋಡಿದ ಆಲ್ಟೆನ್‌ಬರ್ಗ್. ಓಬರ್‌ಹೋಫ್ ಹೆಚ್ಚಾಗಿ ಲೂಜ್, ಅಂದರೆ ಸಣ್ಣ ಸ್ಲೆಡ್ ಮೇಲೆ ಅಂಗಾತ ಮಲಗಿ ಜಾರುವ ಆಟದವರದ್ದು, ಅದನ್ನು ಬಿಟ್ಟರೂ ಮೂರಾಯಿತು. ಬೇರೆಯವರ ಲೆಕ್ಕ ನೋಡಿ. ಈ ಆಟವನ್ನು ಹುಟ್ಟಿಸಿದ ಸ್ವಿಟ್ಜರ್ಲೆಂಡ್‌ನಲ್ಲಿ ಇರುವುದು ಒಂದೇ, ಸೇಂಟ್ ಮೊರಿಟ್ಜ್‌ನದ್ದು, ಅದು ಪ್ರತಿ ಚಳಿಗಾಲ ಹಿಮ ಮತ್ತು ನೀರಿನಿಂದ ಹೊಸದಾಗಿ ಕಟ್ಟುವಂಥದ್ದು. ಅಷ್ಟು ದೊಡ್ಡ ಅಮೆರಿಕದಲ್ಲಿ ಎರಡು. ಕೆನಡಾದಲ್ಲಿ ಕ್ಯಾಲ್ಗರಿ ಟ್ರ್ಯಾಕ್ ಮುಚ್ಚಿದ ಮೇಲೆ ವಿಸ್ಲರ್ ಒಂದೇ. ಬ್ರಿಟನ್‌ನಲ್ಲಿ ಒಂದೂ ಇಲ್ಲ. ಟ್ಯೂರಿನ್ ಒಲಿಂಪಿಕ್ಸ್‌ಗೆ ಕಟ್ಟಿದ ಚೆಸಾನಾ ಟ್ರ್ಯಾಕ್ ಕೆಲವೇ ವರ್ಷದಲ್ಲಿ ಬಾಗಿಲು ಹಾಕಿತು. 1984ರ ಸರಾಯೆವೊ ಟ್ರ್ಯಾಕ್ ಯುದ್ಧದಲ್ಲಿ ಹಾಳಾಗಿ ಕಾಡಿನ ನಡುವೆ ಬಿದ್ದಿದೆ.

ಟ್ರ್ಯಾಕ್ ಎಷ್ಟಿದ್ದರೆ ಏನು, ಅಭ್ಯಾಸಕ್ಕೆ ಒಂದು ಸಾಲದಾ ಅಂತ ಕೇಳಬಹುದು. ಸಾಲುವುದಿಲ್ಲ. ಒಂದು ಓಟ ಮುಗಿಯಲು ಬೇಕಾಗುವುದು ಸುಮಾರು ಒಂದು ನಿಮಿಷ. ಅಷ್ಟರಲ್ಲಿ ವೇಗ ಗಂಟೆಗೆ 130 ಕಿಲೋಮೀಟರ್ ದಾಟಿರುತ್ತದೆ, ತಿರುವಿನಲ್ಲಿ ದೇಹದ ಮೇಲೆ ಅದರ ತೂಕದ ನಾಲ್ಕೈದು ಪಟ್ಟು ಒತ್ತಡ ಬೀಳುತ್ತದೆ. ಹಾಗಾಗಿ ದಿನಕ್ಕೆ ಹೆಚ್ಚೆಂದರೆ ಮೂರೋ ನಾಲ್ಕೋ ಓಟ. ಆಮೇಲೆ ಕುತ್ತಿಗೆ, ಬೆನ್ನು, ತಲೆ ಯಾವುದೂ ಮಾತು ಕೇಳುವುದಿಲ್ಲ. ಅಂದರೆ ಮುಂದೆ ಕೂತು ಸ್ಲೆಡ್ ಓಡಿಸುವ ಪೈಲಟ್‌ಗೆ ಇಡೀ ದಿನಕ್ಕೆ ಸಿಗುವ ಅಭ್ಯಾಸ ಮೂರು ನಾಲ್ಕು ನಿಮಿಷ. ದಿನಕ್ಕೆ ನಾಲ್ಕೇ ನಿಮಿಷ ಸ್ಟಿಯರಿಂಗ್ ಕೊಟ್ಟು ಡ್ರೈವಿಂಗ್ ಕಲಿಸಿದರೆ ಹೇಗಿರುತ್ತದೆ, ಹಾಗೆ. ಅಂತರರಾಷ್ಟ್ರೀಯ ಸ್ಪರ್ಧೆಗೆ ಬಂದಾಗ ಅಧಿಕೃತ ಅಭ್ಯಾಸಕ್ಕೆ ಸಿಗುವುದೂ ಕೆಲವೇ ಓಟ. ಆಟೋ ಓಡಿಸುವವರ ಹಾಗೆ ಗಂಟೆಗಟ್ಟಲೆ ಓಡಿಸಿ ಕೈ ಪಳಗಿಸಲು ಇಲ್ಲಿ ದಾರಿಯೇ ಇಲ್ಲ. ಹತ್ತು ಹನ್ನೆರಡು ವರ್ಷ ಚಳಿಗಾಲವೆಲ್ಲ ಐಸ್ ಮೇಲಿದ್ದವನಿಗೆ ಮಾತ್ರ ಆ ನಿಮಿಷಗಳು ಗುಡ್ಡೆ ಬೀಳುತ್ತವೆ. ಸ್ಯಾಕ್ಸನಿಯ ಪಿರ್ನಾದಲ್ಲಿ ಹುಟ್ಟಿದ, ಒಲಿಂಪಿಕ್ ಚಿನ್ನ ಗೆದ್ದ ಪೈಲಟ್ ಫ್ರಾನ್ಸೆಸ್ಕೊ ಫ್ರೀಡ್ರಿಶ್‌ಗೆ ಮನೆಯಿಂದ ಆಲ್ಟೆನ್‌ಬರ್ಗ್ ಹತ್ತಿರದ ದಾರಿ. ಬ್ರಿಟನ್ನಿನ ಹುಡುಗನಿಗೆ ಅದೇ ಟ್ರ್ಯಾಕ್‌ಗೆ ವಿಮಾನ, ವ್ಯಾನ್, ಹೋಟೆಲ್, ಇಷ್ಟೂ ಬೇಕು.

ಪೈಲಟ್ ಮಾಡುವುದಾದರೂ ಏನು? ಮುಂದಿನ ಅಚ್ಚಿಗೆ ಜೋಡಿಸಿದ ಎರಡು ಹಗ್ಗ, ತುದಿಯಲ್ಲಿ ಬಳೆಯಂಥ ಹಿಡಿ, ಅಷ್ಟೇ. ಸ್ಟಿಯರಿಂಗ್ ಚಕ್ರ ಇಲ್ಲ. ಎಷ್ಟು ಕಡಿಮೆ ತಿರುಗಿಸುತ್ತಾನೋ ಅಷ್ಟು ಒಳ್ಳೆಯದು, ಯಾಕೆಂದರೆ ಪ್ರತಿ ಎಳೆತಕ್ಕೂ ಕೆಳಗಿನ ಉಕ್ಕು ಐಸನ್ನು ಕೆರೆದು ವೇಗ ತಿನ್ನುತ್ತದೆ. ಆಲ್ಟೆನ್‌ಬರ್ಗ್‌ನಲ್ಲಿ 17 ತಿರುವು. ಒಂದರಿಂದ ಹೊರಬರುವಾಗ ಒಂದಡಿ ಮೇಲೆ ಬಂದರೆ ಮುಂದಿನದಕ್ಕೆ ತಡವಾಗಿ ಇಳಿಯುತ್ತೀರಿ, ಅಲ್ಲಿಂದ ಸರಣಿ ತಪ್ಪು ಶುರು. ಇದು ಕಣ್ಣಿಗಿಂತ ಹೆಚ್ಚಾಗಿ ಸೊಂಟಕ್ಕೆ ಗೊತ್ತಾಗುವ ವಿದ್ಯೆ ಅಂತ ಪೈಲಟ್‌ಗಳೇ ಹೇಳುತ್ತಾರೆ. ಪುಸ್ತಕದಿಂದ ಬರುವುದಿಲ್ಲ, ಸಿಮ್ಯುಲೇಟರ್‌ನಿಂದ ಪೂರ್ತಿ ಬರುವುದಿಲ್ಲ.

ಸರಿ, ಒಂದು ದೇಶಕ್ಕೆ ನಾಲ್ಕು ಟ್ರ್ಯಾಕ್ ಯಾಕೆ ಬೇಕಿತ್ತು? ಒಂದು ದೇಶಕ್ಕೆ ಬೇಕಿರಲಿಲ್ಲ. ಎರಡು ದೇಶ ಕಟ್ಟಿಕೊಂಡವು, ಪೂರ್ವ ಜರ್ಮನಿ ಮತ್ತು ಪಶ್ಚಿಮ ಜರ್ಮನಿ. ನನ್ನ ಪ್ರಕಾರ ಇಡೀ ವಿಷಯದ ತಿರುಳು ಇದು. ಇವತ್ತಿನ ಜರ್ಮನಿ ಗೆಲ್ಲುತ್ತಿರುವುದು ತನ್ನ ಒಡೆದುಹೋದ ಇತಿಹಾಸದ ಆಸ್ತಿಯಿಂದ.

ಒಡೆಯುವ ಮುಂಚೆ ಜರ್ಮನಿ ಈ ಆಟದಲ್ಲಿ ಅಂಥ ದೊಡ್ಡ ಹೆಸರೇನಲ್ಲ. 19ನೇ ಶತಮಾನದ ಕೊನೆಗೆ ಸೇಂಟ್ ಮೊರಿಟ್ಜ್‌ನಲ್ಲಿ ಚಳಿಗಾಲ ಕಳೆಯಲು ಬಂದ ಶ್ರೀಮಂತ ಇಂಗ್ಲಿಷರು ಹೊತ್ತು ಹೋಗದೆ ಶುರು ಮಾಡಿದ ಆಟ ಇದು, 1924ರಲ್ಲಿ ಒಲಿಂಪಿಕ್ಸ್‌ಗೆ ಬಂತು. ಹಾನ್ಸ್ ಕಿಲಿಯಾನ್ ಎಂಬ ಬವೇರಿಯಾದ ಪೈಲಟ್ 1928ರಲ್ಲೂ 1932ರಲ್ಲೂ ಕಂಚು ತಂದ. 1936ರಲ್ಲಿ ತಮ್ಮದೇ ಗಾರ್ಮಿಶ್-ಪಾರ್ಟೆನ್‌ಕಿರ್ಶೆನ್‌ನಲ್ಲಿ ಒಲಿಂಪಿಕ್ಸ್ ನಡೆದಾಗ ಬಾಬ್‌ಸ್ಲೆಡ್‌ನಲ್ಲಿ ಒಂದು ಪದಕವೂ ಬರಲಿಲ್ಲ. ಯುದ್ಧದ ನಂತರ 1948ರ ಒಲಿಂಪಿಕ್ಸ್‌ಗೆ ಕರೆಯಲೇ ಇಲ್ಲ. 1952ರಲ್ಲಿ ಓಸ್ಲೋಗೆ ಬಂದಾಗ ಮಾತ್ರ ಎಲ್ಲರೂ ಬೆಚ್ಚಿಬಿದ್ದರು.

ಆ ಕಥೆ ಚೆನ್ನಾಗಿದೆ. ಆಂಡ್ರಿಯಾಸ್ ಓಸ್ಟ್ಲರ್ ಮತ್ತು ಲೊರೆನ್ಜ್ ನೀಬರ್ಲ್ ಮೊದಲು ಇಬ್ಬರ ಸ್ಪರ್ಧೆ ಗೆದ್ದರು. ನಾಲ್ವರ ಸ್ಪರ್ಧೆಗೆ ಜರ್ಮನಿಯ ಎರಡು ತಂಡ ಇತ್ತು. ಅಭ್ಯಾಸದಲ್ಲಿ ಎರಡೂ ಅಷ್ಟಕ್ಕಷ್ಟೇ. ಆಗ ಎರಡೂ ತಂಡದಿಂದ ದಪ್ಪಗಿದ್ದವರನ್ನೆಲ್ಲ ಆರಿಸಿ ಒಂದೇ ಸ್ಲೆಡ್‌ಗೆ ಹತ್ತಿಸಿದರು! ನಾಲ್ವರ ಒಟ್ಟು ತೂಕ ಸುಮಾರು 472 ಕೆಜಿ. ಇಳಿಜಾರಿನಲ್ಲಿ ಭಾರ ಇದ್ದಷ್ಟೂ ಗಾಳಿಯ ಮತ್ತು ಘರ್ಷಣೆಯ ತಡೆ ಕಡಿಮೆ ಲೆಕ್ಕಕ್ಕೆ ಬರುತ್ತದೆ, ಅದನ್ನು ಅವರು ಸರಿಯಾಗಿ ಹಿಡಿದಿದ್ದರು. ಚಿನ್ನ ಬಂತು. ಕೂಡಲೇ ಅಂತರರಾಷ್ಟ್ರೀಯ ಸಂಸ್ಥೆ ತೂಕಕ್ಕೆ ಮಿತಿ ಹಾಕಿತು. ಇವತ್ತಿನ ಹೊಸ ಹುಡುಗರು ಓಟಗಾರರ ಹಾಗೆ ಕಾಣುವುದಕ್ಕೆ ಆ ನಿಯಮವೇ ಕಾರಣ. ಒಟ್ಟು ತೂಕಕ್ಕೆ ಮಿತಿ ಇದೆ ಅಂದಮೇಲೆ ಕೊಬ್ಬು ಹೊತ್ತುಕೊಂಡು ಪ್ರಯೋಜನ ಇಲ್ಲ, ಅದೇ ತೂಕದಲ್ಲಿ ಸ್ನಾಯು ಇದ್ದರೆ ಶುರುವಿನಲ್ಲಿ ಜೋರಾಗಿ ತಳ್ಳಬಹುದು. ಈಚಿನ ನಿಯಮದಲ್ಲಿ ಗಂಡಸರ ನಾಲ್ವರ ಸ್ಲೆಡ್ ಜನ ಸೇರಿ 630 ಕೆಜಿ, ಇಬ್ಬರದ್ದು 390 ಕೆಜಿ ದಾಟುವ ಹಾಗಿಲ್ಲ.

ಆಮೇಲೆ ಒಂದಷ್ಟು ವರ್ಷ ಮತ್ತೆ ಬರ. ಪಶ್ಚಿಮ ಜರ್ಮನಿಯ ಹೋರ್ಸ್ಟ್ ಫ್ಲೋಟ್ ಮತ್ತು ಪೆಪಿ ಬಾಡರ್ 1968ರಲ್ಲಿ ಇಟಲಿಯ ಯೂಜೆನಿಯೊ ಮೊಂಟಿ ಜೋಡಿಯಷ್ಟೇ ಸಮಯಕ್ಕೆ ಮುಗಿಸಿದರು, ಆದರೆ ಒಂದೊಂದು ಓಟದ ವೇಗ ನೋಡಿ ಚಿನ್ನ ಮೊಂಟಿಗೆ ಹೋಯಿತು. 1972ರಲ್ಲಿ ಸಪ್ಪೊರೊದಲ್ಲಿ ವೋಲ್ಫ್‌ಗಾಂಗ್ ಝಿಮ್ಮರರ್ ಮತ್ತು ಪೀಟರ್ ಉಟ್‌ಶ್ನೈಡರ್ ಇಬ್ಬರ ಚಿನ್ನ ಗೆದ್ದರು. ಕ್ಯೋನಿಗ್‌ಸೇ ಆಗಲೇ ಓಡುತ್ತಿತ್ತು, 1977ರಲ್ಲಿ ವಿಂಟರ್‌ಬರ್ಗ್ ಕೂಡ ಬಂತು. ಪಶ್ಚಿಮದ್ದು ಇಷ್ಟು.

ಪೂರ್ವದ್ದು ಬೇರೆಯೇ ಲೆಕ್ಕಾಚಾರ. 1969ರಲ್ಲಿ ಪೂರ್ವ ಜರ್ಮನಿ ಸರ್ಕಾರ ಕೂತು, ಯಾವ ಆಟಕ್ಕೆ ಹಣ ಹಾಕಿದರೆ ಪದಕ ಹೆಚ್ಚು ಬರುತ್ತದೆ ಅಂತ ವಿಂಗಡಿಸಿತು. ಬ್ಯಾಸ್ಕೆಟ್‌ಬಾಲ್, ವಾಟರ್ ಪೋಲೊದಂಥ ಆಟಗಳನ್ನು ಕೈಬಿಟ್ಟಿತು. ಓಬರ್‌ಹೋಫ್‌ನಲ್ಲಿ 1971ಕ್ಕೆ ಟ್ರ್ಯಾಕ್ ಬಂತು, ಲೂಜ್‌ನಲ್ಲಿ ಗೆಲ್ಲುತ್ತಿದ್ದರು, ಬಾಬ್‌ಸ್ಲೆಡ್‌ಗೂ ಕೈ ಹಾಕಿದರು. ಆದರೆ ಬಾಬ್‌ಸ್ಲೆಡ್ ಪರಂಪರೆಯೇ ಇರಲಿಲ್ಲ, ಹಳೆಯ ಪೈಲಟ್‌ಗಳೂ ಇಲ್ಲ. ಅದು ಅವರಿಗೆ ಲಾಭವೇ ಆಯಿತು ಅಂತ ನನಗನಿಸುತ್ತದೆ. ಹಳೆಯ ಸಂಪ್ರದಾಯ, ಕ್ಲಬ್ ಜಗಳ ಯಾವುದೂ ಅಡ್ಡ ಬರಲಿಲ್ಲ. ನೇರವಾಗಿ ಅಥ್ಲೆಟಿಕ್ಸ್ ಮೈದಾನಕ್ಕೆ ಹೋಗಿ ಬಲಶಾಲಿಗಳನ್ನು ಹುಡುಕಿದರು. ಮೈನ್‌ಹಾರ್ಡ್ ನೇಮರ್ ಜಾವೆಲಿನ್ ಎಸೆಯುತ್ತಿದ್ದವರು. ಬೆರ್ನ್‌ಹಾರ್ಡ್ ಗೆರ್ಮೆಸ್‌ಹೌಸನ್ ಡೆಕಾಥ್ಲಾನ್‌ನವರು. 1976ರಲ್ಲಿ ಇನ್ಸ್‌ಬ್ರುಕ್‌ನಲ್ಲಿ ಈ ಹೊಸಬರು ಇಬ್ಬರ ಚಿನ್ನವನ್ನೂ ನಾಲ್ವರ ಚಿನ್ನವನ್ನೂ ಹೊತ್ತುಕೊಂಡು ಹೋದರು. ನೇಮರ್‌ಗೆ ಆಗ 35 ವರ್ಷ. 1980ರಲ್ಲಿ ಲೇಕ್ ಪ್ಲಾಸಿಡ್‌ನಲ್ಲಿ ಇನ್ನೊಂದು ಚಿನ್ನ. 1984ರಲ್ಲಿ ಸರಾಯೆವೊದಲ್ಲಿ ಡೆಕಾಥ್ಲಾನ್‌ನಿಂದ ಬಂದ ಇನ್ನೊಬ್ಬರು, ವೋಲ್ಫ್‌ಗಾಂಗ್ ಹೋಪ್ಪೆ, ಎರಡೂ ಚಿನ್ನ ಗೆದ್ದರು.

ನಿಮ್ಮ ಆಲ್ಟೆನ್‌ಬರ್ಗ್ ಹುಟ್ಟಿದ್ದು ಈ ಕಾಲದಲ್ಲೇ. 1981ರ ಸುಮಾರಿಗೆ ಕಾಡಿನೊಳಗೆ ಗುಟ್ಟಾಗಿ ಕೆಲಸ ಶುರುವಾಯಿತು. ಮೊದಲು ಕಟ್ಟಿದ್ದು ಸರಿ ಬರಲಿಲ್ಲ. ಕೆಲವು ಭಾಗ ಒಡೆದು ಮತ್ತೆ ಕಟ್ಟಬೇಕಾಯಿತು. ಓಡಲು ತಯಾರಾಗುವ ಹೊತ್ತಿಗೆ 1986 ಕಳೆದಿತ್ತು, ಇನ್ನು ಮೂರು ವರ್ಷಕ್ಕೆ ಬರ್ಲಿನ್ ಗೋಡೆ ಬಿತ್ತು. ಕಟ್ಟಿಸಿದ ದೇಶ ಅದನ್ನು ಬಳಸಿದ್ದು ಅಷ್ಟರಲ್ಲೇ ಇದೆ. 1991ರ ವಿಶ್ವ ಚಾಂಪಿಯನ್‌ಷಿಪ್ ಅಲ್ಲಿ ನಡೆದಾಗ ಜರ್ಮನಿ ಒಂದಾಗಿತ್ತು. ಅದನ್ನು ವಿನ್ಯಾಸ ಮಾಡಿದ ಲೈಪ್ಜಿಗ್‌ನ ಎಂಜಿನಿಯರ್ ಉಡೊ ಗುರ್ಗೆಲ್ ಆಮೇಲೆ ಸಾಲ್ಟ್ ಲೇಕ್ ಸಿಟಿ, ವಿಸ್ಲರ್, ಸೋಚಿ ಟ್ರ್ಯಾಕ್‌ಗಳನ್ನೂ ವಿನ್ಯಾಸ ಮಾಡಿದರು. ಅಂದರೆ ಜಗತ್ತು ಜರ್ಮನಿಯ ವಿರುದ್ಧ ಓಡುತ್ತಿದ್ದುದೇ ಜರ್ಮನ್ ಒಬ್ಬರು ಬರೆದ ತಿರುವುಗಳಲ್ಲಿ.

ಒಂದು ಮಾತು ಮುಚ್ಚಿಡಬಾರದು. ಆ ಕಾಲದ ಪೂರ್ವ ಜರ್ಮನಿಯ ಕ್ರೀಡೆ ಅಂದರೆ ಸರ್ಕಾರವೇ ಯೋಜನೆ ಹಾಕಿ ನಡೆಸಿದ ಡೋಪಿಂಗ್ ಕೂಡ. ಎಷ್ಟೋ ಕ್ರೀಡಾಪಟುಗಳಿಗೆ ತಾವು ನುಂಗುತ್ತಿದ್ದದ್ದು ಏನು ಅಂತಲೇ ಗೊತ್ತಿರಲಿಲ್ಲ. ಗುಪ್ತ ಪೊಲೀಸ್ ಸ್ಟಾಸಿಯ ಕೈ ತಂಡಗಳೊಳಗೂ ಇತ್ತು. 1994ರಲ್ಲಿ ಲಿಲೆಹ್ಯಾಮರ್‌ನಲ್ಲಿ ನಾಲ್ವರ ಚಿನ್ನ ಗೆದ್ದ ಹರಾಲ್ಡ್ ಚುಡಾಯ್, ಅದಕ್ಕೆ ಎರಡು ವರ್ಷ ಮೊದಲೇ ತಾನು ಸ್ಟಾಸಿಗೆ ಮಾಹಿತಿ ಕೊಡುತ್ತಿದ್ದೆ ಅಂತ ಒಪ್ಪಿಕೊಂಡಿದ್ದರು. ಈಗ ಪದಕ ಪಟ್ಟಿ ಓದುವವರು ಇದನ್ನೂ ಪಕ್ಕಕ್ಕಿಟ್ಟುಕೊಂಡು ಓದಬೇಕು.

1990ರಲ್ಲಿ ಎರಡೂ ಜರ್ಮನಿ ಒಂದಾದಾಗ ಪೂರ್ವದ ಎಷ್ಟೋ ಕಾರ್ಖಾನೆ, ಸಂಸ್ಥೆಗಳು ಮುಚ್ಚಿದವು. ಆದರೆ ಒಂದಾಗುವ ಒಪ್ಪಂದದಲ್ಲೇ ಕ್ರೀಡೆಗೆ ಒಂದು ಕಲಮು ಬರೆದರು, 39ನೇದು. ಲೈಪ್ಜಿಗ್‌ನ ಕ್ರೀಡಾ ಸಂಶೋಧನಾ ಸಂಸ್ಥೆ, ಕ್ರೈಶಾದ ಡೋಪಿಂಗ್ ಪರೀಕ್ಷಾ ಲ್ಯಾಬ್, ಪೂರ್ವ ಬರ್ಲಿನ್‌ನ ಕ್ರೀಡಾ ಸಲಕರಣೆ ಸಂಸ್ಥೆ, ಈ ಮೂರನ್ನು ಹೆಸರು ಹೇಳಿ ಉಳಿಸಿಕೊಂಡರು. ಮೂರನೆಯದನ್ನು ಎಲ್ಲರೂ ಎಫ್‌ಇಎಸ್ ಅನ್ನುತ್ತಾರೆ. ದೋಣಿ, ಸೈಕಲ್, ಬಾಬ್‌ಸ್ಲೆಡ್, ಎಲ್ಲ ಅಲ್ಲಿ ತಯಾರಾಗುತ್ತವೆ. ಒಂದು ದೇಶದ ಹುಟ್ಟಿನ ಕಾಗದದಲ್ಲಿ ಸ್ಲೆಡ್ ಮಾಡುವವರ ಹೆಸರು ಇರುವುದು ಬೇರೆಲ್ಲೂ ಇರಲಿಕ್ಕಿಲ್ಲ! ಒಂದಾದ ಜರ್ಮನಿ 1992ರಲ್ಲಿ ಆಲ್ಬರ್ಟ್‌ವಿಲ್‌ನಲ್ಲಿ ಮೈದಾನಕ್ಕೆ ಬಂದಾಗ ಧ್ವಜ ಹಿಡಿದವರು ಪೂರ್ವದ ವೋಲ್ಫ್‌ಗಾಂಗ್ ಹೋಪ್ಪೆ. ಎರಡು ದೇಶದ ಟ್ರ್ಯಾಕ್, ಎರಡು ದೇಶದ ಕೋಚ್‌ಗಳು, ಎರಡು ದೇಶದ ಪೈಲಟ್‌ಗಳು, ಎಲ್ಲ ಒಂದೇ ಫೆಡರೇಷನ್ ಕೈಗೆ ಬಂತು. ಕ್ರಿಸ್ಟೋಫ್ ಲಾಂಗನ್, ಆಂಡ್ರೆ ಲಾಂಗೆ, ಸಾಂಡ್ರಾ ಕಿರಿಯಾಸಿಸ್ ಈ ಪೈಲಟ್‌ಗಳೆಲ್ಲ ಆ ಬೆಳೆ. 2006ರಲ್ಲಿ ಟ್ಯೂರಿನ್‌ನಲ್ಲಿ ಇದ್ದ ಮೂರು ಚಿನ್ನವೂ ಜರ್ಮನಿಗೇ, ಎರಡು ಲಾಂಗೆಯದ್ದು, ಒಂದು ಕಿರಿಯಾಸಿಸ್‌ದು.

ಇನ್ನು ಎಂಜಿನಿಯರಿಂಗ್. ಇದ್ದೇ ಇದೆ, ಆದರೆ ಜನ ಅಂದುಕೊಂಡಷ್ಟು ಬಿಡುಬೀಸಾಗಿ ಮಾಡುವ ಹಾಗಿಲ್ಲ. ಸ್ಲೆಡ್ ಕೆಳಗಿನ ಉಕ್ಕಿನ ಪಟ್ಟಿಗಳಿಗೆ ರನ್ನರ್ ಅನ್ನುತ್ತಾರೆ. ಆ ಉಕ್ಕು ಎಲ್ಲರಿಗೂ ಒಂದೇ ಬಗೆಯದ್ದು. ಅದನ್ನು ಬಿಸಿ ಮಾಡುವ ಹಾಗಿಲ್ಲ, ಓಟಕ್ಕೆ ಮುಂಚೆ ಅಧಿಕಾರಿಗಳು ಉಷ್ಣಾಂಶ ಅಳೆಯುತ್ತಾರೆ. ಹೆಚ್ಚುಕಮ್ಮಿ ಆದರೆ ಅನರ್ಹ. ಹಾಗಾದರೆ ವ್ಯತ್ಯಾಸ ಎಲ್ಲಿ ಬರುತ್ತದೆ? ರನ್ನರ್‌ನ ಬಾಗು ಎಷ್ಟಿರಬೇಕು, ಎಷ್ಟು ನುಣುಪಾಗಿ ತಿಕ್ಕಬೇಕು, ಇವತ್ತಿನ ಐಸ್‌ಗೆ ಯಾವ ಜೋಡಿ ಹಾಕಬೇಕು, ಸ್ಲೆಡ್‌ನ ಮುಂದಿನ ಭಾಗ ಹಿಂದಿನ ಭಾಗ ಎಷ್ಟು ಸಡಿಲವಾಗಿ ತಿರುಗಬೇಕು, ಇಂಥವುಗಳಲ್ಲಿ. ಇದಕ್ಕೆಲ್ಲ ಪರೀಕ್ಷೆ ಬೇಕು, ಪರೀಕ್ಷೆಗೆ ಐಸ್ ಬೇಕು. ಮತ್ತೆ ಟ್ರ್ಯಾಕ್‌ಗೇ ಬಂದೆವು. ಬೇರೆ ದೇಶದ ಹತ್ತಿರ ಒಳ್ಳೆಯ ಎಂಜಿನಿಯರ್‌ಗಳು ಇಲ್ಲ ಅಂತೇನಲ್ಲ, ಅವರಿಗೆ ಬೇಕಾದಾಗ ಹೋಗಿ ಪರೀಕ್ಷೆ ಮಾಡಲು ಪಕ್ಕದಲ್ಲೇ ಟ್ರ್ಯಾಕ್ ಇಲ್ಲ.

ಈ ಎಂಜಿನಿಯರಿಂಗ್ ಕೈಕೊಟ್ಟದ್ದೂ ಉಂಟು. 2014ರಲ್ಲಿ ಸೋಚಿಯಲ್ಲಿ ಜರ್ಮನಿಗೆ ಬಾಬ್‌ಸ್ಲೆಡ್‌ನಲ್ಲಿ ಒಂದೂ ಪದಕ ಬರಲಿಲ್ಲ. 1964ರಿಂದ ಈಚೆಗೆ ಹೀಗಾಗಿರಲೇ ಇಲ್ಲ. ಪೈಲಟ್‌ಗಳು ಎಫ್‌ಇಎಸ್ ಸ್ಲೆಡ್ ಕಡೆ ಬೆರಳು ತೋರಿಸಿದರು. ಅದರ ಮೇಲೆ ಇನ್ನೊಂದು ಗಲಾಟೆ. ಮನುಯೆಲ್ ಮಖಾಟಾ 2011ರ ವಿಶ್ವ ಚಾಂಪಿಯನ್, ಸೋಚಿಗೆ ಆಯ್ಕೆಯಾಗಿರಲಿಲ್ಲ. ತನ್ನ ಸ್ವಂತ ರನ್ನರ್‌ಗಳನ್ನು ರಷ್ಯಾದ ಅಲೆಕ್ಸಾಂಡರ್ ಜುಬ್ಕೊವ್‌ಗೆ ಕೊಟ್ಟರು. ಜುಬ್ಕೊವ್ ಅಲ್ಲಿ ಎರಡು ಚಿನ್ನ ಗೆದ್ದರು. ಜರ್ಮನ್ ಫೆಡರೇಷನ್ ಸಿಟ್ಟಾಗಿ ಮಖಾಟಾರನ್ನು ಒಂದು ವರ್ಷ ಅಮಾನತು ಮಾಡಿತು. ಜುಬ್ಕೊವ್ ಪದಕಗಳನ್ನು ಆಮೇಲೆ ಡೋಪಿಂಗ್ ಕಾರಣಕ್ಕೆ ಕಿತ್ತುಕೊಂಡರು, ಅದು ಬೇರೆ ವಿಷಯ. ಒಂದು ಜೊತೆ ಉಕ್ಕಿನ ಪಟ್ಟಿಗೆ ಇಷ್ಟು ರಂಪ ಆಯಿತು ಅಂದರೆ ಅದರ ಬೆಲೆ ನಿಮಗೆ ತಿಳಿಯುತ್ತದೆ. ಸೋಚಿ ನಂತರ ಎಫ್‌ಇಎಸ್‌ಗೆ ಆಸ್ಟ್ರಿಯಾದ ವಾಲ್ನರ್ ಸ್ಲೆಡ್‌ಗಳ ಪೈಪೋಟಿ ಜೋರಾಯಿತು, ಜರ್ಮನ್ ಪೈಲಟ್‌ಗಳೇ ಅವನ್ನು ಕೊಂಡು ಓಡಿಸಿದರು. ಸರ್ಕಾರಿ ಸಂಸ್ಥೆಗೆ ಅಷ್ಟು ಬಿಸಿ ಮುಟ್ಟಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ.

ನಾಲ್ಕು ವರ್ಷ ಬಿಟ್ಟು 2018ರಲ್ಲಿ ಪ್ಯೋಂಗ್‌ಚಾಂಗ್‌ನಲ್ಲಿ ಮೂರಕ್ಕೆ ಮೂರು ಚಿನ್ನ. ಇಬ್ಬರ ಚಿನ್ನವನ್ನು ಫ್ರೀಡ್ರಿಶ್ ಕೆನಡಾದ ಜಸ್ಟಿನ್ ಕ್ರಿಪ್ಸ್ ಜೊತೆ ಹಂಚಿಕೊಂಡರು, ನಾಲ್ಕು ಓಟದ ಒಟ್ಟು ಸಮಯ ಸೆಕೆಂಡಿನ ನೂರನೇ ಭಾಗದ ತನಕ ಒಂದೇ. ಮಹಿಳೆಯರಲ್ಲಿ ಗೆದ್ದ ಮರಿಯಾಮಾ ಯಮಾಂಕಾ ಬರ್ಲಿನ್‌ನವರು, ಮೊದಲು ಹ್ಯಾಮರ್ ಎಸೆಯುತ್ತಿದ್ದವರು. ಅದಕ್ಕೆ ಮುಂಚೆ ಒಂದು ವಿಶ್ವಕಪ್ ರೇಸ್ ಕೂಡ ಗೆದ್ದಿರಲಿಲ್ಲ! 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಗಂಡಸರ ಇಬ್ಬರ ಸ್ಪರ್ಧೆಯ ಚಿನ್ನ ಬೆಳ್ಳಿ ಕಂಚು ಮೂರೂ ಜರ್ಮನಿಗೆ: ಫ್ರೀಡ್ರಿಶ್, ಯೊಹಾನೆಸ್ ಲೋಖ್ನರ್, ಕ್ರಿಸ್ಟೋಫ್ ಹಾಫರ್. ಒಂದು ದೇಶಕ್ಕೆ ಮೂರೇ ಸ್ಲೆಡ್ ಬಿಡುವುದು, ಇಲ್ಲದಿದ್ದರೆ ನಾಲ್ಕನೆಯದೂ ಅವರದ್ದೇ ಆಗುತ್ತಿತ್ತೋ ಏನೋ. ಬಾಬ್‌ಸ್ಲೆಡ್, ಲೂಜ್, ಸ್ಕೆಲಿಟನ್ (ಬೋರಲು ಮಲಗಿ ತಲೆ ಮುಂದಾಗಿ ಜಾರುವ ಆಟ) ಮೂರೂ ಸೇರಿ ಆ ಟ್ರ್ಯಾಕ್‌ನಲ್ಲಿ ಇದ್ದದ್ದು 10 ಚಿನ್ನ. ಅದರಲ್ಲಿ 9 ಜರ್ಮನಿಗೆ.

ಆ ಉಳಿದ ಒಂದು ಯಾವುದು ಗೊತ್ತಾ? ಮಹಿಳೆಯರ ಮೊನೊಬಾಬ್. ಒಬ್ಬರೇ ತಳ್ಳಿ, ಒಬ್ಬರೇ ಹತ್ತಿ, ಒಬ್ಬರೇ ಓಡಿಸುವ ಸ್ಪರ್ಧೆ, ಆ ವರ್ಷವೇ ಒಲಿಂಪಿಕ್ಸ್‌ಗೆ ಬಂದದ್ದು. ಅದರಲ್ಲಿ ಎಲ್ಲರಿಗೂ ಒಂದೇ ಮಾದರಿಯ ಸ್ಲೆಡ್. ಚಿನ್ನ ಅಮೆರಿಕದ ಕೇಲಿ ಹಂಫ್ರೀಸ್‌ಗೆ, ಬೆಳ್ಳಿ ಅಮೆರಿಕದ ಎಲಾನಾ ಮೈಯರ್ಸ್ ಟೇಲರ್‌ಗೆ, ಕಂಚು ಕೆನಡಾದ ಕ್ರಿಸ್ಟಿನ್ ಡಿ ಬ್ರೈನ್‌ಗೆ. ಜರ್ಮನಿಗೆ ಪದಕವೇ ಇಲ್ಲ. ನೋಡಿ, ಸ್ಲೆಡ್ ಸಮ ಮಾಡಿದ ಕೂಡಲೇ ಬಾಗಿಲು ತೆರೆಯಿತು ಅಂತ ಎಷ್ಟೋ ಜನ ಬರೆದರು. ನಾನು ಅಷ್ಟು ಬೇಗ ಒಪ್ಪುವುದಿಲ್ಲ. ಹಂಫ್ರೀಸ್, ಮೈಯರ್ಸ್ ಟೇಲರ್ ಇಬ್ಬರೂ ಹತ್ತು ವರ್ಷಕ್ಕೂ ಹೆಚ್ಚು ಪೈಲಟ್ ಸೀಟಿನಲ್ಲಿ ಕೂತವರು, ಅವರ ಹತ್ತಿರವೂ ಆ ನಿಮಿಷಗಳ ಗುಡ್ಡೆ ಇತ್ತು. ಆದರೆ ಸ್ಲೆಡ್ ಬೇರೆ ಬೇರೆ ಇದ್ದಾಗ ಸಣ್ಣ ದೇಶಗಳು ಅರ್ಧ ಸೋತೇ ಬರುತ್ತವೆ ಅನ್ನುವುದು ಮಾತ್ರ ನಿಜ. ಹೊಸ ಸ್ಲೆಡ್ ಒಂದಕ್ಕೆ ಹತ್ತಾರು ಸಾವಿರ ಯೂರೋ, ರನ್ನರ್‌ಗಳಿಗೆ ಬೇರೆ, ಸಾಗಿಸಲು ಬೇರೆ. ಜಮೈಕಾ 1994ರಲ್ಲಿ ನಾಲ್ವರ ಸ್ಪರ್ಧೆಯಲ್ಲಿ 14ನೇ ಸ್ಥಾನಕ್ಕೆ ಬಂದು ಅಮೆರಿಕದ ತಂಡಗಳನ್ನೇ ಹಿಂದೆ ಹಾಕಿತು. 1988ರಲ್ಲಿ ಉರುಳಿಬಿದ್ದ ಕಥೆ ಎಲ್ಲರಿಗೂ ಗೊತ್ತು, ಇದು ಯಾರಿಗೂ ನೆನಪಿಲ್ಲ. ಒಳ್ಳೆಯ ಓಟಗಾರರಿದ್ದರೆ 14ರ ತನಕ ಬರಬಹುದು, ಮುಂದಿನ 13 ಮೆಟ್ಟಿಲಿಗೆ ಐಸ್ ಬೇಕು.

ದುಡ್ಡಿನ ವಿಷಯಕ್ಕೆ ಬಂದರೆ, ಜರ್ಮನಿಯಲ್ಲಿ ಬಾಬ್‌ಸ್ಲೆಡ್ ಆಡಿ ಶ್ರೀಮಂತರಾದವರು ಇಲ್ಲ. ಆದರೆ ಹಸಿದವರೂ ಇಲ್ಲ. ಹೆಚ್ಚಿನವರು ಸೇನೆಯ ಕ್ರೀಡಾ ವಿಭಾಗದಲ್ಲಿ ಸೈನಿಕರು, ಇನ್ನು ಕೆಲವರು ಫೆಡರಲ್ ಪೊಲೀಸ್‌ನಲ್ಲಿ. ತಿಂಗಳಿಗೆ ಸಂಬಳ ಬರುತ್ತದೆ, ಕೆಲಸ ಅಂದರೆ ಅಭ್ಯಾಸ. ನಮ್ಮಲ್ಲಿ ರೈಲ್ವೆ, ಸರ್ವಿಸಸ್ ತಂಡಗಳಿವೆಯಲ್ಲ, ಅಂಥದ್ದೇ ವ್ಯವಸ್ಥೆ. ಆದ್ದರಿಂದಲೇ ತಳ್ಳುವವರು ಸಾಲುಗಟ್ಟಿ ಸಿಗುತ್ತಾರೆ. ಕೆವಿನ್ ಕುಸ್ಕೆ ಹದಿಹರೆಯದಲ್ಲಿ ಸ್ಪ್ರಿಂಟರ್, ಆಮೇಲೆ ಲಾಂಗೆಯ ಬ್ರೇಕ್‌ಮ್ಯಾನ್ (ಹಿಂದೆ ಕೂತು ಬ್ರೇಕ್ ಹಾಕುವವರು), ಒಟ್ಟು ನಾಲ್ಕು ಒಲಿಂಪಿಕ್ ಚಿನ್ನ, ಎರಡು ಬೆಳ್ಳಿ. ಫ್ರೀಡ್ರಿಶ್ ಹಿಂದೆ ಕೂತು ಗೆದ್ದ ಥೋರ್ಸ್ಟನ್ ಮಾರ್ಗಿಸ್ ಡೆಕಾಥ್ಲಾನ್‌ನಿಂದ ಬಂದವರು. ಅಲೆಕ್ಸಾಂಡ್ರಾ ಬುರ್ಗ್‌ಹಾರ್ಟ್ ಅವರದ್ದು ಇನ್ನೂ ಮಜಾ. ಟೋಕಿಯೊದಲ್ಲಿ ನೂರು ಮೀಟರ್ ಓಡಿದರು, ಆರು ತಿಂಗಳಿಗೆ ಬೀಜಿಂಗ್‌ನಲ್ಲಿ ಯಮಾಂಕಾ ಜೊತೆ ಬೆಳ್ಳಿ ಗೆದ್ದರು, 2024ರಲ್ಲಿ ಪ್ಯಾರಿಸ್‌ನಲ್ಲಿ 4x100 ರಿಲೇ ಕಂಚು ತಂದರು.

ಶುರುವಿನ ತಳ್ಳಾಟಕ್ಕೆ ಅಷ್ಟು ಬೆಲೆ ಯಾಕೆ ಅಂದರೆ, ಮೊದಲ 50 ಮೀಟರ್‌ನಲ್ಲಿ ಉಳಿಸಿದ ಸೆಕೆಂಡಿನ ಹತ್ತನೇ ಒಂದು ಭಾಗ ಕೆಳಗೆ ಹೋಗುವಷ್ಟರಲ್ಲಿ ಮೂರು ಪಟ್ಟು ಆಗುತ್ತದೆ ಅಂತ ಈ ಆಟದವರ ಲೆಕ್ಕ. ಐದು ಸೆಕೆಂಡಿನ ಕೆಲಸ. ಮುಳ್ಳಿನ ಶೂ ಹಾಕಿ, ಬಗ್ಗಿ, ಐಸ್ ಮೇಲೆ ಸ್ಲೆಡ್ ತಳ್ಳುತ್ತ ಓಡಿ, ಆ ಓಟದಲ್ಲೇ ಒಬ್ಬರ ಮೇಲೊಬ್ಬರು ಬೀಳದೆ ಒಳಗೆ ಹಾರಿ ಕೂರಬೇಕು.

ಎಲ್ಲ ಹೀಗೇ ನಡೆಯುತ್ತದೆ ಅಂತಲೂ ಹೇಳಲಾಗದು. 2021ರ ಜುಲೈನಲ್ಲಿ ಬವೇರಿಯಾದಲ್ಲಿ ಮಳೆ ಸುರಿದು ಗುಡ್ಡದಿಂದ ಕಲ್ಲು ಮಣ್ಣು ಇಳಿದು ಕ್ಯೋನಿಗ್‌ಸೇ ಟ್ರ್ಯಾಕ್‌ನ ಮೇಲಿನ ಭಾಗ ಕೊಚ್ಚಿಹೋಯಿತು. ಜಗತ್ತಿನ ಮೊದಲ ಕೃತಕ ಐಸ್ ಟ್ರ್ಯಾಕ್ ವರ್ಷಗಟ್ಟಲೆ ಬಂದ್. ಮತ್ತೆ ಕಟ್ಟಲು ಕೋಟಿಗಟ್ಟಲೆ ಯೂರೋ ಬೇಕು. ಇಷ್ಟು ಕರೆಂಟ್ ಉರಿಸಿ ಐಸ್ ಮಾಡಬೇಕಾ ಅಂತ ಜರ್ಮನಿಯೊಳಗೇ ಕೇಳುವವರಿದ್ದಾರೆ. ನನಗೆ ಅದಕ್ಕಿಂತ ಬೇರೆ ಚಿಂತೆ. ಒಂದೇ ದೇಶ ಗೆಲ್ಲುತ್ತಿದ್ದರೆ ನೋಡುವವರಿಗೆ ಬೇಜಾರು, ಟಿವಿಯವರಿಗೆ ಬೇಜಾರು, ಕೊನೆಗೆ ಒಲಿಂಪಿಕ್ಸ್‌ನವರಿಗೂ ಬೇಜಾರಾಗಬಹುದು. 1960ರಲ್ಲಿ ಸ್ಕ್ವಾ ವ್ಯಾಲಿಯಲ್ಲಿ ಟ್ರ್ಯಾಕ್ ಕಟ್ಟುವ ಖರ್ಚು ಬೇಡ ಅಂತ ಈ ಆಟವನ್ನೇ ಬಿಟ್ಟಿದ್ದರು, ನೆನಪಿರಲಿ.

ಈಗ ನಿಮ್ಮ ವಿಷಯ. 27 ತಡ ಅಲ್ಲ. ತಳ್ಳುವವರು ಬೇರೆ ಆಟ ಮುಗಿಸಿ ಇಪ್ಪತ್ತೈದರ ಆಚೀಚೆ ಬರುವುದು ಸಾಮಾನ್ಯ. ಪೈಲಟ್ ಆಗಬೇಕು ಅಂದರೆ ಮಾತ್ರ ಕಷ್ಟ, ಕಾರಣ ಮೇಲೆ ಹೇಳಿದ ನಿಮಿಷಗಳ ಲೆಕ್ಕ. ಜರ್ಮನಿ ಪರವಾಗಿ ಒಲಿಂಪಿಕ್ಸ್‌ಗೆ ಹೋಗಲು ಅಲ್ಲಿನ ಪೌರತ್ವ ಬೇಕು, ಆ ಕನಸು ಸದ್ಯಕ್ಕೆ ಬದಿಗಿಡಿ. ಕ್ಲಬ್ ಮಟ್ಟದಲ್ಲಿ ತಳ್ಳುವವರು ಯಾವಾಗಲೂ ಬೇಕಾಗಿರುತ್ತಾರೆ. ನಿಮಗೆ ಹತ್ತಿರದ್ದು ಓಬರ್‌ಬ್ಯಾರೆನ್‌ಬರ್ಗ್‌ನ ಕ್ಲಬ್, ಫ್ರೀಡ್ರಿಶ್ ಕೂಡ ಅಲ್ಲಿಯವರೇ. ಚಳಿಗಾಲದಲ್ಲಿ ಹೋಗಿ ಕೇಳಬೇಡಿ, ಆಗ ಯಾರಿಗೂ ಪುರುಸೊತ್ತಿಲ್ಲ. ತಳ್ಳುವ ಅಭ್ಯಾಸ ಬೇಸಿಗೆಯಲ್ಲಿ ಹಳಿ ಮೇಲೆ, ಚಕ್ರದ ಬಂಡಿಯಲ್ಲಿ ನಡೆಯುತ್ತದೆ. ಅದಕ್ಕೆ ಮುಂಚೆ ಬರೆದು ಕೇಳಿ. 30 ಮೀಟರ್ ಓಟದ ಸಮಯ, ಸ್ಕ್ವಾಟ್‌ನಲ್ಲಿ ಎಷ್ಟು ಎತ್ತುತ್ತೀರಿ, ಮೈತೂಕ ಎಷ್ಟು, ಈ ಮೂರನ್ನು ಪತ್ರದಲ್ಲೇ ಬರೆಯಿರಿ. ತೂಕ ಎಷ್ಟು ಅಂತ ನೀವು ಹೇಳಿಲ್ಲ. ನಾಲ್ವರ ಸ್ಲೆಡ್ ತಳ್ಳುವ ಗಂಡಸರು ಸಾಮಾನ್ಯವಾಗಿ 100 ಕೆಜಿ ಆಸುಪಾಸು ಇರುತ್ತಾರೆ. ನೂರು ಮೀಟರ್ ಓಡುತ್ತಿದ್ದ 70 ಕೆಜಿ ಮೈ ಇದ್ದರೆ ಮೊದಲು ಒಂದು ವರ್ಷ ಜಿಮ್, ಆಮೇಲೆ ಪತ್ರ.

ಭಾರತದ ಹೆಸರಲ್ಲಿ ಮಾಡಬಹುದಾ ಅಂತಲೂ ಮನಸ್ಸಿನಲ್ಲಿ ಇದ್ದೀತು. ಮನಾಲಿ ಕಡೆಯ ಶಿವ ಕೇಶವನ್ 1998ರಿಂದ 2018ರ ತನಕ ಆರು ಒಲಿಂಪಿಕ್ಸ್‌ನಲ್ಲಿ ಲೂಜ್ ಆಡಿದರು, ದೇಶದಲ್ಲಿ ಟ್ರ್ಯಾಕ್ ಇಲ್ಲದೆ ಹಿಮಾಲಯದ ರಸ್ತೆಗಳಲ್ಲಿ ಚಕ್ರ ಹಾಕಿ ಅಭ್ಯಾಸ ಮಾಡಿ. ಅವರು ಒಬ್ಬರೇ, ಸ್ಲೆಡ್ ಸಣ್ಣದು. ಒಲಿಂಪಿಕ್ಸ್‌ನಲ್ಲಿ ಗಂಡಸರ ಬಾಬ್‌ಸ್ಲೆಡ್‌ಗೆ ಇಬ್ಬರಾದರೂ ಬೇಕು, ದೊಡ್ಡ ಸ್ಲೆಡ್ ಬೇಕು, ಅದನ್ನು ಟ್ರ್ಯಾಕ್‌ನಿಂದ ಟ್ರ್ಯಾಕ್‌ಗೆ ಸಾಗಿಸುವ ವ್ಯಾನ್ ಬೇಕು. ನೀವು ಇರುವ ಜಾಗ ಒಳ್ಳೆಯದು, ಅದೊಂದೇ ಅನುಕೂಲ.

ಇಷ್ಟೆಲ್ಲ ಯೋಚಿಸುವ ಮುಂಚೆ ಒಂದು ಕೆಲಸ ಮಾಡಿ. ಆಲ್ಟೆನ್‌ಬರ್ಗ್‌ನಲ್ಲಿ ಚಳಿಗಾಲದಲ್ಲಿ ಹೊರಗಿನವರನ್ನು ಅನುಭವಿ ಪೈಲಟ್ ಹಿಂದೆ ಕೂರಿಸಿಕೊಂಡು ಒಂದು ಓಟ ಕರೆದುಕೊಂಡು ಹೋಗುತ್ತಾರೆ, ಟಿಕೆಟ್ ಮೊದಲೇ ಬುಕ್ ಮಾಡಬೇಕು. ಬೆನ್ನು ನೋವು, ಕುತ್ತಿಗೆ ನೋವು, ಬಿಪಿ ಏನಾದರೂ ಇದ್ದರೆ ಹೋಗಬೇಡಿ. ಊಟ ಮಾಡಿದ ಕೂಡಲೇ ಹತ್ತಬೇಡಿ. ಹೇಗೆ ಕೂರಬೇಕು ಅಂತ ಅವರೇ ಹೇಳುತ್ತಾರೆ, ಅದನ್ನು ಮಾತ್ರ ಚಾಚೂ ತಪ್ಪದೆ ಮಾಡಿ. ಕೆಳಗೆ ಇಳಿದ ಮೇಲೂ ತಳ್ಳುವ ಆಸೆ ಉಳಿದಿದ್ದರೆ ಕ್ಲಬ್‌ಗೆ ಬರೆಯಿರಿ, ಆ 30 ಮೀಟರ್ ಸಮಯ ನನಗೂ ಕಳಿಸಿ.